ಮಳೆಯಿಲ್ಲದೆ ಏರುವ ಹೊಳೆ: ಹಿಮ ಕರಗುವ ಲೆಕ್ಕ

ಪ್ರಶ್ನೆ: ನಾವು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ರೈತರು. ನನ್ನ ಮಗ ಹಿಮಾಚಲ ಪ್ರದೇಶದ ಕುಲ್ಲು ಜಿಲ್ಲೆಯಲ್ಲಿ ಒಂದು ಜಲವಿದ್ಯುತ್ ಕಾಮಗಾರಿಯಲ್ಲಿ ಸರ್ವೇಯರ್ ಆಗಿದ್ದಾನೆ. ಬಿಯಾಸ್ ನದಿಯ ದಡದಲ್ಲೇ ಅವನ ಬಾಡಿಗೆ ಕೋಣೆ. ಕಳೆದ ವಾರ ಫೋನ್ ಮಾಡಿ, "ಇಲ್ಲಿ ಹನಿ ಮಳೆಯಿಲ್ಲ, ಬರೀ ಬಿಸಿಲು, ಆದರೂ ದಿನಾ ಸಂಜೆ ಹೊಳೆ ಏರುತ್ತಿದೆ" ಎಂದ. ಮಳೆಯಿಲ್ಲದೆ ಹೊಳೆ ಏರುವುದು ಹೇಗೆ? ಹಿಮ ಒಮ್ಮೆಗೇ ಕರಗಿ ಪ್ರವಾಹ ಬರಬಹುದೇ? ಈ ವರ್ಷದ ಬಿಸಿಲಿಗೆ ನಮ್ಮ ತುಂಗಭದ್ರೆಗೂ ಅಂಥ ಅಪಾಯವಿದೆಯೇ? ನಮ್ಮ ಪಂಪ್‌ಸೆಟ್ ಹೊಳೆಯ ದಂಡೆಯಲ್ಲೇ ಇದೆ.

ಉತ್ತರ: ತಮ್ಮ ಮಗ ಹೇಳಿದ ಮಾತಿನಲ್ಲಿ 'ಸಂಜೆ' ಎಂಬ ಪದವನ್ನು ನಾನು ಎರಡು ಸಲ ಓದಿದೆ, ಏಕೆಂದರೆ ಆ ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ಅದೊಂದೇ ಪದ ಹೇಳಿಬಿಡುತ್ತದೆ. ಮಳೆಯ ನೀರಿಗೆ ಹೊತ್ತುಗೊತ್ತಿಲ್ಲ, ಹಿಮದ ನೀರಿಗೆ ಇದೆ. ಬೆಟ್ಟದ ಮೇಲಿನ ಹಿಮ ಅತಿ ಹೆಚ್ಚು ಕರಗುವುದು ನಡುಮಧ್ಯಾಹ್ನದಿಂದ ಮೂರು ಗಂಟೆಯೊಳಗೆ. ಕರಗಿದ ನೀರು ಹಿಮದ ಪದರದೊಳಗೇ ಜಿನುಗಿ ತಳ ಸೇರಿ, ಅಲ್ಲಿಂದ ತೊರೆಗಳಿಗೆ, ತೊರೆಗಳಿಂದ ನದಿಗೆ ಇಳಿಯಲು ಕೆಲವು ಗಂಟೆಗಳು ಹಿಡಿಯುವುದರಿಂದ, ಕಣಿವೆಯ ಊರುಗಳಲ್ಲಿ ಸಂಜೆ ನದಿ ಏರುತ್ತದೆ, ಇನ್ನೂ ಕೆಳಗಿನ ಊರುಗಳಲ್ಲಿ ನಡುರಾತ್ರಿ ಏರುತ್ತದೆ, ಬೆಳಗಿನ ಜಾವಕ್ಕೆ ಮತ್ತೆ ಇಳಿಯುತ್ತದೆ. ನಮ್ಮ ಕಡೆ 'ಹೊಳಿ ಬಂತು' ಎನ್ನುವುದು ವರ್ಷಕ್ಕೆ ಒಂದೆರಡು ಸಲ ಕೇಳಿಬರುವ ಮಾತು, ಅಲ್ಲಿ ಬೇಸಿಗೆಯುದ್ದಕ್ಕೂ ದಿನಕ್ಕೊಂದು ಸಲ ಹೊಳೆ ಬಂದು ಹೋಗುತ್ತದೆ.

ಹಲವು ವರ್ಷಗಳ ಹಿಂದೆ, ನೀರಾವರಿ ಕೆಲಸದಲ್ಲಿದ್ದಾಗ, ಜೂನ್ ತಿಂಗಳಿನಲ್ಲಿ ಸ್ಪಿತಿ ಕಣಿವೆಯ ದಾರಿಯಲ್ಲಿ ನಾನೂ ಇದನ್ನು ಕಂಡಿದ್ದೇನೆ. ರಸ್ತೆಗೆ ಅಡ್ಡವಾಗಿ ಹರಿಯುವ ಒಂದು ನಾಲೆಯ ಮುಂದೆ ಮಧ್ಯಾಹ್ನ ನಾಲ್ಕು ಗಂಟೆಗೆ ನಮ್ಮ ಜೀಪು ನಿಂತಿತು. ನೀರು ಸೊಂಟದ ಮಟ್ಟಕ್ಕಿತ್ತು, ಬಣ್ಣ ಸಿಮೆಂಟ್ ಕಲಸಿದ ಹಾಗಿತ್ತು, ಅದರಡಿಯಲ್ಲಿ ಕಲ್ಲುಗಳು ಉರುಳಿ ಒಂದಕ್ಕೊಂದು ಬಡಿಯುವ ಸದ್ದು ದಡದಲ್ಲಿ ನಿಂತವರ ಕಾಲಿಗೆ ತಾಗುತ್ತಿತ್ತು. ಚಾಲಕ ಎಂಜಿನ್ ಆರಿಸಿ, ಬೀಡಿ ಹಚ್ಚಿ, "ಬೆಳಿಗ್ಗೆ ಐದಕ್ಕೆ ದಾಟೋಣ" ಎಂದು ಕಂಬಳಿ ಹೊದ್ದು ಮಲಗಿಬಿಟ್ಟ. ಮರುದಿನ ಐದಕ್ಕೆ ಅದೇ ನಾಲೆಯಲ್ಲಿ ನೀರು ಮೊಣಕಾಲಿಗಿಂತ ಕೆಳಗಿತ್ತು, ತಿಳಿಯಾಗಿತ್ತು, ಅಂಚಿನ ಕಲ್ಲುಗಳ ಮೇಲೆ ತೆಳುವಾದ ಮಂಜುಗಡ್ಡೆಯೂ ಇತ್ತು. ಪುಸ್ತಕದಲ್ಲಿ ಓದಿದ್ದ ದೈನಂದಿನ ಏರಿಳಿತದ ಗೆರೆ ನನಗೆ ನಿಜವಾಗಿ ಅರ್ಥವಾದದ್ದು ಆ ರಾತ್ರಿ.

ಈಗ ಹಿಮದ ಪ್ರಮಾಣದ ಮಾತು. ಬೆಟ್ಟದ ಮೇಲೆ ಎಷ್ಟು ಅಡಿ ಹಿಮವಿದೆ ಎಂಬುದಕ್ಕಿಂತ, ಅದನ್ನೆಲ್ಲ ಕರಗಿಸಿದರೆ ಎಷ್ಟು ನೀರು ನಿಲ್ಲುತ್ತದೆ ಎಂಬುದು ಮುಖ್ಯ. ಆಗ ತಾನೇ ಬಿದ್ದ ಹಿಮ ಅರಳೆಯಂತೆ ಹಗುರವಾಗಿರುತ್ತದೆ, ಹತ್ತು ಸೆಂಟಿಮೀಟರ್ ಹಿಮ ಕರಗಿದರೆ ಸುಮಾರು ಒಂದು ಸೆಂಟಿಮೀಟರ್ ನೀರು ಸಿಗುತ್ತದೆ. ಅದೇ ಹಿಮ ಚಳಿಗಾಲವೆಲ್ಲ ಕುಸಿದು, ಒತ್ತಿ, ಕಾಳುಗಟ್ಟಿ ಬೇಸಿಗೆಯ ಹೊತ್ತಿಗೆ ಗಟ್ಟಿಯಾದಾಗ ಒಂದು ಮೀಟರ್ ಹಿಮದಲ್ಲಿ 40 ಸೆಂಟಿಮೀಟರ್ ಅಥವಾ ಅದಕ್ಕೂ ಹೆಚ್ಚು ನೀರಿರುತ್ತದೆ. ತಾವು ಮುನಿರಾಬಾದಿನ ಅಣೆಕಟ್ಟೆಯನ್ನು ನೋಡುತ್ತಲೇ ಬಂದವರಾದ್ದರಿಂದ ಒಂದು ಹೋಲಿಕೆ ಕೊಡುತ್ತೇನೆ. ಆರು ಸಾವಿರ ಚದರ ಕಿಲೋಮೀಟರ್ ಬೆಟ್ಟದ ಮೇಲೆ ಸರಾಸರಿ ಅರ್ಧ ಮೀಟರ್ ನೀರಿಗೆ ಸಮನಾದ ಹಿಮವಿದ್ದರೆ, ಅದು ಲೆಕ್ಕಕ್ಕೆ ಸರಿಯಾಗಿ 106 ಟಿಎಂಸಿ ಆಗುತ್ತದೆ, ಅಂದರೆ ಹೂಳು ತುಂಬಿದ ಮೇಲೆ ಇಂದು ನಮ್ಮ ತುಂಗಭದ್ರಾ ಜಲಾಶಯಕ್ಕಿರುವ ಪೂರ್ಣ ಸಾಮರ್ಥ್ಯದಷ್ಟು. ಒಂದೇ ವ್ಯತ್ಯಾಸವೆಂದರೆ ನಮ್ಮ ಅಣೆಕಟ್ಟೆಗೆ 33 ಕ್ರಸ್ಟ್ ಗೇಟುಗಳಿವೆ, ಆ ಬಿಳಿಯ ಜಲಾಶಯಕ್ಕೆ ಒಂದೂ ಇಲ್ಲ.

ಗೇಟಿಲ್ಲದ ಜಲಾಶಯ ಒಮ್ಮೆಗೇ ಖಾಲಿಯಾಗಬಹುದೇ ಎಂಬುದು ತಮ್ಮ ಎರಡನೆಯ ಪ್ರಶ್ನೆ. ಇಲ್ಲ, ಬಿಸಿಲೊಂದರಿಂದಲೇ ಹಾಗೆ ಆಗುವುದಿಲ್ಲ, ಅದಕ್ಕೆ ಕಾರಣ ಮಂಜುಗಡ್ಡೆಯ ಸ್ವಭಾವದಲ್ಲೇ ಇದೆ. ಗಂಗಾವತಿಯಲ್ಲಿ ಕಬ್ಬಿನ ಹಾಲಿನ ಅಂಗಡಿಯವರು ಐಸ್ ಗಡ್ಡೆಯನ್ನು ಗೋಣಿಚೀಲದಲ್ಲಿ ಸುತ್ತಿ ಭತ್ತದ ಹೊಟ್ಟಿನಲ್ಲಿ ಹೂತಿಡುವುದನ್ನು ತಾವು ನೋಡಿರಬಹುದು. 42 ಡಿಗ್ರಿ ಬಿಸಿಲಿನಲ್ಲೂ ಆ ಗಡ್ಡೆ ಸಂಜೆಯವರೆಗೆ ಬಾಳುತ್ತದೆ. ಸೊನ್ನೆ ಡಿಗ್ರಿಯಲ್ಲಿರುವ ಒಂದು ಗ್ರಾಂ ಮಂಜುಗಡ್ಡೆಯನ್ನು ಅದೇ ಸೊನ್ನೆ ಡಿಗ್ರಿಯ ನೀರಾಗಿಸುವುದಕ್ಕಷ್ಟೇ 80 ಕ್ಯಾಲೊರಿ ಶಾಖ ಬೇಕು, ಅಷ್ಟು ಶಾಖದಲ್ಲಿ ಒಂದು ಗ್ರಾಂ ನೀರನ್ನು ಸೊನ್ನೆಯಿಂದ 80 ಡಿಗ್ರಿಯವರೆಗೆ ಕಾಯಿಸಬಹುದು. ಗುಪ್ತೋಷ್ಣವೆಂದು ಶಾಲೆಯಲ್ಲಿ ಕಲಿಸುವ ಈ ಶಾಖವನ್ನು ಸೂರ್ಯ ಮತ್ತು ಗಾಳಿ ಪ್ರತಿದಿನ ಸ್ವಲ್ಪ ಸ್ವಲ್ಪವೇ ಒದಗಿಸಬೇಕಾಗುತ್ತದೆ.

ಎಷ್ಟು ಎಂಬುದಕ್ಕೆ ಜಲವಿಜ್ಞಾನದಲ್ಲಿ ಒಂದು ಸರಳ ರೂಢಿಯಿದೆ. ದಿನದ ಸರಾಸರಿ ಉಷ್ಣಾಂಶ ಸೊನ್ನೆಗಿಂತ ಎಷ್ಟು ಡಿಗ್ರಿ ಮೇಲಿದೆಯೋ, ಪ್ರತಿ ಡಿಗ್ರಿಗೆ ಸಾಮಾನ್ಯವಾಗಿ 2ರಿಂದ 6 ಮಿಲಿಮೀಟರ್ ನೀರು ಕರಗುತ್ತದೆ. ಹಿಮದ ಮಟ್ಟದಲ್ಲಿ ಸರಾಸರಿ 7 ಡಿಗ್ರಿ ಇದ್ದು ಡಿಗ್ರಿಗೆ 4 ಮಿಲಿಮೀಟರ್ ಹಿಡಿದರೆ ದಿನಕ್ಕೆ 28, ಹೆಚ್ಚುಕಡಿಮೆ 30 ಮಿಲಿಮೀಟರ್ ಆಯಿತು. ಸಾವಿರ ಚದರ ಕಿಲೋಮೀಟರ್‌ನಲ್ಲಿ 30 ಮಿಲಿಮೀಟರ್ ಕರಗಿದರೆ ದಿನಕ್ಕೆ ಒಂದು ಟಿಎಂಸಿಗಿಂತ ಚೂರು ಹೆಚ್ಚು, ಹರಿವಿನ ಲೆಕ್ಕದಲ್ಲಿ ಸರಾಸರಿ 12 ಸಾವಿರ ಕ್ಯುಸೆಕ್. ಮುಂಗಾರು ಹಂಗಾಮಿನಲ್ಲಿ ತಮ್ಮ ಎಡದಂಡೆ ಮುಖ್ಯ ಕಾಲುವೆಯಲ್ಲಿ ಹರಿಯುವ 4 ಸಾವಿರ ಕ್ಯುಸೆಕ್‌ನ ಮೂರು ಪಟ್ಟು. ಇದು ಸಣ್ಣ ಮೊತ್ತವೇನಲ್ಲ, ದಡದ ಹತ್ತಿರ ಹೋದವರನ್ನು ಎಳೆದೊಯ್ಯಲು ಧಾರಾಳವಾಗಿ ಸಾಕು. ಆದರೆ ಅದೇ ಸಾವಿರ ಚದರ ಕಿಲೋಮೀಟರ್ ಮೇಲೆ ಒಂದೇ ದಿನ 150 ಮಿಲಿಮೀಟರ್ ಮಳೆ ಸುರಿದು, ಅದರಲ್ಲಿ ಅರ್ಧ ಮಾತ್ರ ನದಿಗೆ ಹರಿದರೂ 30 ಸಾವಿರ ಕ್ಯುಸೆಕ್ ದಾಟುತ್ತದೆ, ಆ ಮಳೆ ಮೂರು ಗಂಟೆಯಲ್ಲೇ ಸುರಿದರಂತೂ ನದಿಯ ಏರಿಕೆ ಇನ್ನೂ ಎಷ್ಟೋ ಕಡಿದಾಗಿರುತ್ತದೆ. ಆದ್ದರಿಂದ ಬರೀ ಬಿಸಿಲಿಗೆ ಕರಗುವ ಹಿಮ ನದಿಯನ್ನು ವಾರಗಟ್ಟಲೆ ತುಂಬಿ ಹರಿಸುತ್ತದೆ, ರಾತ್ರೋರಾತ್ರಿ ಊರು ಕೊಚ್ಚಿಕೊಂಡು ಹೋಗುವುದು ಅದೊಂದರಿಂದಲೇ ಅಪರೂಪ.

ಇಷ್ಟಕ್ಕೇ ನೆಮ್ಮದಿಪಟ್ಟು ಕೂರುವಂತಿಲ್ಲ. ಡಿಗ್ರಿಗೆ ಇಷ್ಟು ಎಂಬ ಆ ರೂಢಿಯ ಲೆಕ್ಕ ಸರಳವಾದಷ್ಟೂ ಅದನ್ನು ತಪ್ಪಿಸುವ ಸಂಗತಿಗಳು ಹೆಚ್ಚು. ಚಳಿಗಾಲ ಕಳೆದ ಹಿಮದ ಪದರ ಒಳಗೆ ಸೊನ್ನೆಗಿಂತ ಕೆಳಗಿನ ಉಷ್ಣಾಂಶದಲ್ಲಿರುತ್ತದೆ. ಮೊದಲ ಬಿಸಿಲಿಗೆ ಮೇಲ್ಭಾಗದಲ್ಲಿ ಕರಗಿದ ನೀರು ಒಳಗಿಳಿದು ಮತ್ತೆ ಹೆಪ್ಪುಗಟ್ಟುತ್ತದೆ, ಪದರವೆಲ್ಲ ಸೊನ್ನೆಗೆ ಬಂದು, ಸ್ಪಂಜಿನಂತೆ ಹಿಡಿದಿಟ್ಟುಕೊಳ್ಳುವಷ್ಟು ನೀರನ್ನು ಹಿಡಿದಿಟ್ಟುಕೊಂಡ ಮೇಲೆಯೇ ತಳದಿಂದ ನೀರು ಹೊರಬೀಳುತ್ತದೆ. ಹೀಗಾಗಿ ನಾಲ್ಕಾರು ದಿನ ಸುಡುವ ಬಿಸಿಲಿದ್ದರೂ ನದಿ ಏರದೆ, ಜನ 'ಏನೂ ಆಗಲಿಲ್ಲ' ಎಂದು ಮೈಮರೆತ ಹೊತ್ತಿಗೆ ಏರತೊಡಗುತ್ತದೆ. ಇದನ್ನು ಹಿಮ ಹಣ್ಣಾಗುವುದು ಎನ್ನುತ್ತಾರೆ, ಒಳ್ಳೆಯ ಮಾತು. ಹಣ್ಣಾದ ಹಿಮದ ಮೇಲೆ ಬೀಳುವ ಪ್ರತಿ ಕ್ಯಾಲೊರಿಯೂ ನೇರವಾಗಿ ನೀರಾಗುತ್ತದೆ. ರಾತ್ರಿಯ ಆಕಾಶ ತಿಳಿಯಾಗಿದ್ದರೆ ಮೇಲ್ಪದರ ಮತ್ತೆ ಗಟ್ಟಿಯಾಗಿ, ಮರುದಿನದ ಬಿಸಿಲಿನ ಮೊದಲ ಪಾಲು ಅದನ್ನು ಸಡಿಲಿಸುವುದಕ್ಕೇ ವ್ಯಯವಾಗುತ್ತದೆ, ಮೋಡ ಮುಚ್ಚಿ ರಾತ್ರಿಯೂ ಸೊನ್ನೆಗಿಂತ ಮೇಲಿದ್ದರೆ ಈ ವಿರಾಮ ಸಿಗುವುದಿಲ್ಲ. ಆದ್ದರಿಂದ ಹಗಲಿನ ಗರಿಷ್ಠ ಉಷ್ಣಾಂಶವನ್ನೇ ದಪ್ಪಕ್ಷರದಲ್ಲಿ ಹಾಕುವ ಸುದ್ದಿಗಳಿಗಿಂತ ರಾತ್ರಿಯ ಕನಿಷ್ಠ ಉಷ್ಣಾಂಶ ನನಗೆ ಹೆಚ್ಚು ತಿಳಿಸುತ್ತದೆ.

ಬಣ್ಣದ ಸಂಗತಿಯೂ ಇದೆ. ಹೊಸ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲನ್ನು ಹಿಂದಕ್ಕೆ ಎಸೆಯುತ್ತದೆ, ಹಳತಾಗಿ ಕೊಳೆಯಾದ ಹಿಮ ಸುಮಾರು ಅರ್ಧವನ್ನಷ್ಟೇ. ಥಾರ್ ಮರುಭೂಮಿಯ ಧೂಳು ಬೇಸಿಗೆಯ ಗಾಳಿಗೆ ಹಿಮಾಲಯದವರೆಗೂ ಹೋಗಿ ಹಿಮದ ಮೇಲೆ ಕೂರುತ್ತದೆ, ಹೊಗೆಯ ಮಸಿಯೂ ಕೂರುತ್ತದೆ, ಅದರಿಂದ ಅದೇ ಬಿಸಿಲಿಗೆ ಕರಗುವಿಕೆ ಹೆಚ್ಚುತ್ತದೆ. ಇನ್ನು ಎತ್ತರ. ಪ್ರತಿ ಕಿಲೋಮೀಟರ್ ಮೇಲೇರಿದಂತೆ ಗಾಳಿಯ ಉಷ್ಣಾಂಶ ಸರಾಸರಿ 6.5 ಡಿಗ್ರಿ ಇಳಿಯುತ್ತದೆಂದು ಹಿಡಿದರೆ, ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಎತ್ತರದ ಮನಾಲಿಯಲ್ಲಿ 25 ಡಿಗ್ರಿ ಇರುವ ಮಧ್ಯಾಹ್ನ, 3,978 ಮೀಟರ್ ಎತ್ತರದ ರೋಹ್ತಾಂಗ್ ಕಣಿವೆದಾರಿಯಲ್ಲಿ 12 ಡಿಗ್ರಿ ಇರುತ್ತದೆ, ಸೊನ್ನೆಯ ಗೆರೆ 5,800 ಮೀಟರ್ ಆಸುಪಾಸಿಗೆ ಹೋಗಿರುತ್ತದೆ. ಕೆಳಗೆ ನಾಲ್ಕು ಡಿಗ್ರಿ ಹೆಚ್ಚಾದರೆ ಆ ಗೆರೆ ಇನ್ನೂ 600 ಮೀಟರ್ ಮೇಲೇರುತ್ತದೆ, ಅಲ್ಲಿಯವರೆಗೆ ಕಲ್ಲಿನಂತೆ ಕುಳಿತಿದ್ದ ಹೊಸ ಹಿಮಪ್ರದೇಶವೂ ಕರಗಲು ತೊಡಗುತ್ತದೆ. ಅಂದರೆ ಬಿಸಿಲು ಏರಿದಾಗ ಕರಗುವ ವೇಗದ ಜೊತೆಗೆ ಕರಗುವ ನೆಲದ ವಿಸ್ತಾರವೂ ಹೆಚ್ಚುತ್ತದೆ.

ಬೆಚ್ಚನೆಯ ಮಳೆ ಬಿದ್ದು ಹಿಮವನ್ನು ಕರಗಿಸುತ್ತದೆ ಎಂಬ ಮಾತನ್ನು ಟಿವಿಯಲ್ಲಿ ಆಗಾಗ ಹೇಳುತ್ತಾರೆ. ಅದು ಪೂರ್ತಿ ಸುಳ್ಳಲ್ಲ, ಆದರೆ ಲೆಕ್ಕ ಹಾಕಿದರೆ ಸೋಜಿಗವಾಗುತ್ತದೆ. 10 ಡಿಗ್ರಿ ಉಷ್ಣಾಂಶದ 100 ಮಿಲಿಮೀಟರ್ ಮಳೆ ತನ್ನ ಶಾಖವನ್ನೆಲ್ಲ ಹಿಮಕ್ಕೆ ಕೊಟ್ಟರೂ ಕರಗುವುದು ಹನ್ನೆರಡೂವರೆ ಮಿಲಿಮೀಟರ್ ಅಷ್ಟೇ. ನಿಜವಾಗಿ ಕೆಲಸ ಮಾಡುವುದು ಮಳೆಯ ಜೊತೆ ಬರುವ ಬೆಚ್ಚನೆಯ, ತೇವ ತುಂಬಿದ ಗಾಳಿ. ತಣ್ಣೀರು ತುಂಬಿದ ತಾಮ್ರದ ತಂಬಿಗೆಯ ಹೊರಮೈ ಬೆವರುವಂತೆ ಆ ಗಾಳಿಯ ಆವಿ ಹಿಮದ ಮೇಲೆ ಹನಿಗಟ್ಟುತ್ತದೆ, ಹಾಗೆ ಹನಿಗಟ್ಟುವ ಒಂದು ಗ್ರಾಂ ಆವಿ ಏಳು ಗ್ರಾಂಗಿಂತ ಹೆಚ್ಚು ಮಂಜುಗಡ್ಡೆಯನ್ನು ಕರಗಿಸುವಷ್ಟು ಶಾಖ ಬಿಟ್ಟುಕೊಡುತ್ತದೆ. ಲಡಾಖಿನಂಥ ಒಣ ಪ್ರದೇಶದಲ್ಲಿ ಇದರ ತದ್ವಿರುದ್ಧ: ಶಾಖದ ಒಂದು ಪಾಲು ಹಿಮವನ್ನು ನೇರವಾಗಿ ಆವಿಯಾಗಿಸುವುದಕ್ಕೆ ಹೋಗಿ ಕರಗುವಿಕೆ ತಗ್ಗುತ್ತದೆ. ಮಳೆಯಿಂದ ಇನ್ನೊಂದು ಕೇಡೂ ಇದೆ. ಹಣ್ಣಾದ ಹಿಮ ಆ ಮಳೆಯನ್ನು ಹೀರಿಕೊಳ್ಳಲಾರದು, ಅಡಿಯ ನೆಲ ಮೊದಲೇ ನೆನೆದಿರುತ್ತದೆ, ಹಾಗಾಗಿ ಬಿದ್ದ ಮಳೆ ಮತ್ತು ಕರಗಿದ ಹಿಮ ಎರಡೂ ಒಟ್ಟಿಗೆ ನದಿಗಿಳಿಯುತ್ತವೆ. 2013ರ ಜೂನ್ 16 ಮತ್ತು 17ರಂದು ಕೇದಾರನಾಥದಲ್ಲಿ ಆದದ್ದರಲ್ಲಿ ಇದರ ಪಾಲೂ ಇತ್ತು. ಎತ್ತರದಲ್ಲಿ ಹಿಮ ಇನ್ನೂ ಉಳಿದಿರುವಾಗಲೇ ಮುಂಗಾರು ವಾಡಿಕೆಗಿಂತ ಮೊದಲೇ ಅಲ್ಲಿಗೆ ತಲುಪಿ ಎಡೆಬಿಡದೆ ಸುರಿಯಿತು, ಮೇಲಿದ್ದ ಚೋರಾಬಾರಿ ಸರೋವರದ ಕಟ್ಟೆ ಒಡೆಯಿತು. 2013ರ ಅದೇ ಜೂನ್‌ನಲ್ಲಿ ಕೆನಡಾದ ಕ್ಯಾಲ್ಗರಿ ನಗರವನ್ನು ಮುಳುಗಿಸಿದ ಪ್ರವಾಹವೂ ರಾಕಿ ಪರ್ವತಗಳ ಉಳಿದ ಹಿಮದ ಮೇಲೆ ಭಾರೀ ಮಳೆ ಸುರಿದು ಬಂದದ್ದು.

ಹಿಮ ತಡವಾಗಿ ಬಿದ್ದು ಬಿಸಿಲು ಒಮ್ಮೆಗೇ ಬಂದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕೊಲರಾಡೊ ನದಿಯ 1983ರ ಕಥೆಯನ್ನು, ಅಣೆಕಟ್ಟೆಯ ಕೆಳಗೆ ಬದುಕುವ ನಮ್ಮಂಥವರು ಸ್ವಲ್ಪ ನಿಧಾನವಾಗಿ ಓದಬೇಕು. ಅಲ್ಲಿನ ಗ್ಲೆನ್ ಕ್ಯಾನಿಯನ್ ಅಣೆಕಟ್ಟೆಯ ಹಿಂದಿನ ಪವೆಲ್ ಜಲಾಶಯ ಮೊದಲ ಬಾರಿಗೆ ಪೂರ್ತಿ ತುಂಬಿದ್ದು 1980ರಲ್ಲಿ. 1983ರ ವಸಂತದಲ್ಲಿ ಒಳಹರಿವು ಹೆಚ್ಚುಕಡಿಮೆ ವಾಡಿಕೆಯಷ್ಟೇ ಇರುತ್ತದೆಂದು ನಂಬಿ ಜಲಾಶಯವನ್ನು ಬಹುಪಾಲು ತುಂಬಿಸಿಯೇ ಇಟ್ಟಿದ್ದರು. ಮೇ ತಿಂಗಳಿನಲ್ಲೂ ಹಿಮ ಬೀಳುತ್ತಲೇ ಹೋಯಿತು, ತಿಂಗಳ ಕೊನೆಗೆ ಬಿಸಿಲು ಧುತ್ತೆಂದು ಬಂತು, ಮೇಲೆ ಮಳೆಯೂ ಸೇರಿತು. ಒಳಹರಿವು ಲಕ್ಷ ಕ್ಯುಸೆಕ್ ದಾಟಿತು. ಕೋಡಿಯ ಸುರಂಗಗಳಲ್ಲಿ ನೀರು ಬಿಟ್ಟರೆ ಅದರ ವೇಗಕ್ಕೆ ಒಳಗಿನ ಕಾಂಕ್ರೀಟು ಕಿತ್ತು ಹಿಂದಿನ ಮರಳುಗಲ್ಲಿಗೇ ಹೊಂಡ ಬಿದ್ದಿತು, ಬಿಡದಿದ್ದರೆ ನೀರು ಗೇಟುಗಳ ನೆತ್ತಿ ದಾಟುವಂತಿತ್ತು. ಕೊನೆಗೆ ಎಂಜಿನಿಯರುಗಳು ಗೇಟುಗಳ ತಲೆಯ ಮೇಲೆ ನಾಲ್ಕು ಅಡಿ ಎತ್ತರದ ಪ್ಲೈವುಡ್ ಹಲಗೆಗಳನ್ನು ನಿಲ್ಲಿಸಿ ಜಲಾಶಯದಲ್ಲಿ ಇನ್ನಷ್ಟು ನೀರಿಗೆ ಜಾಗ ಮಾಡಿದರು, ಆಮೇಲೆ ಅವುಗಳ ಜಾಗದಲ್ಲಿ ಎಂಟು ಅಡಿಯ ಉಕ್ಕಿನ ಹಲಗೆಗಳು ಬಂದವು. ಪ್ಲೈವುಡ್! ನಾನು ಆ ಚಿತ್ರವನ್ನು ಕಂಡಾಗಲೆಲ್ಲ ಅಂಥ ಎತ್ತರದ ಅಣೆಕಟ್ಟೆಯ ಮಾನ ಉಳಿಸಿದ್ದು ಬಡಗಿಯ ಸಾಮಾನು ಎಂದುಕೊಳ್ಳುತ್ತೇನೆ.

ಅಂದಾಜು ತಪ್ಪಿದ ಇನ್ನೊಂದು ನಿದರ್ಶನ 1997ರ ಏಪ್ರಿಲ್‌ನದು. ಅಮೆರಿಕದ ಗ್ರ್ಯಾಂಡ್ ಫೋರ್ಕ್ಸ್ ಊರಿನಲ್ಲಿ ಕರಗಿದ ಹಿಮದಿಂದ ರೆಡ್ ನದಿ 49 ಅಡಿಯವರೆಗೆ ಏರಬಹುದೆಂದು ಮುನ್ಸೂಚನೆಯಿತ್ತು, ಏರಿದ್ದು 54 ಅಡಿಗೂ ಮೇಲೆ. ಐದು ಅಡಿಯ ಆ ಅಂತರದಲ್ಲಿ ಊರು ಮುಳುಗಿತು.

ಬಿಸಿಲಿನ ಜೊತೆ ತಳುಕು ಹಾಕಿಕೊಂಡ ಮೂರನೆಯ ಅಪಾಯ ಕಟ್ಟೆ ಒಡೆಯುವುದು, ರಾತ್ರೋರಾತ್ರಿ ಬರುವ ಪ್ರವಾಹ ಹೆಚ್ಚಾಗಿ ಈ ಜಾತಿಯದು. ಹಿಮನದಿಯ ಅಂಚಿನಲ್ಲಿ ಕರಗಿದ ನೀರು ಮಂಜುಗಡ್ಡೆಯ ಅಥವಾ ಸಡಿಲ ಕಲ್ಲುಮಣ್ಣಿನ ಒಡ್ಡಿನ ಹಿಂದೆ ನಿಂತು, ಒಂದು ದಿನ ಒಡ್ಡು ಬಿಟ್ಟುಕೊಟ್ಟಾಗ, ವಾರಗಳಲ್ಲಿ ಸೇರಿದ್ದು ಗಂಟೆಗಳಲ್ಲಿ ಇಳಿಯುತ್ತದೆ. 2022ರ ಮಾರ್ಚ್–ಏಪ್ರಿಲ್‌ನ ಅಸಾಧಾರಣ ಬಿಸಿಲಿನ ಬೆನ್ನಿಗೇ ಮೇ 7ರಂದು ಹುಂಜಾ ಕಣಿವೆಯ ಶಿಸ್ಪರ್ ಹಿಮನದಿಯ ಸರೋವರ ಹೀಗೆ ಒಡೆದು ಕಾರಕೋರಂ ಹೆದ್ದಾರಿಯ ಹಸನಾಬಾದ್ ಸೇತುವೆಯನ್ನು ಕೆಡವಿತು. 2023ರ ಅಕ್ಟೋಬರ್ 4ರ ನಸುಕಿನಲ್ಲಿ ಸಿಕ್ಕಿಂನ ದಕ್ಷಿಣ ಲ್ಹೋನಾಕ್ ಸರೋವರದ ನೀರು ಚುಂಗ್‌ಥಾಂಗ್‌ನ ಅಣೆಕಟ್ಟೆಯನ್ನೇ ಕೊಚ್ಚಿಕೊಂಡು ಹೋಯಿತು. 2021ರ ಫೆಬ್ರುವರಿ 7ರ ಚಮೋಲಿಯ ದುರಂತವನ್ನು ಮಾತ್ರ ಈ ಸಾಲಿಗೆ ಸೇರಿಸಬಾರದು. ಅದನ್ನು ಸರೋವರ ಒಡೆದದ್ದೆಂದು ಮೊದಮೊದಲು ಹೇಳಿದರೂ, ಅಲ್ಲಿ ಕುಸಿದದ್ದು ಬಂಡೆ ಮತ್ತು ಮಂಜುಗಡ್ಡೆಯ ಒಂದು ಇಡೀ ಮಗ್ಗುಲು.

ಈಗ ತಮ್ಮ ಮಗನ ಕೋಣೆಯ ವಿಚಾರ. ಪಂಡೋಹ್ ಅಣೆಕಟ್ಟೆಯವರೆಗಿನ ಬಿಯಾಸ್ ನದಿಯ ವಾರ್ಷಿಕ ನೀರಿನಲ್ಲಿ ಹಿಮ ಮತ್ತು ಹಿಮನದಿಗಳ ಪಾಲು ಸುಮಾರು ಮೂರನೆಯ ಒಂದು ಭಾಗ, ಪಕ್ಕದ ಸಟ್ಲೆಜ್‌ನಲ್ಲಿ ಭಾಕ್ರಾದ ಹತ್ತಿರ ಅರ್ಧಕ್ಕಿಂತ ಹೆಚ್ಚು. ಆದ್ದರಿಂದ ಮೇ, ಜೂನ್‌ಗಳಲ್ಲಿ ಅವನು ಕಾಣುತ್ತಿರುವ ಸಂಜೆಯ ಏರಿಕೆ ಸಹಜವಾದದ್ದು, ಪ್ರತಿದಿನ ಒಂದೇ ಗುರುತಿನವರೆಗೆ ಬಂದು ಇಳಿಯುತ್ತಿದ್ದರೆ ಅಂಜಬೇಕಾದ್ದಿಲ್ಲ. ಸರ್ವೇಯರ್ ಆದ್ದರಿಂದ ಅವನಿಗೆ ಹೇಳಿಕೊಡಬೇಕಾದ್ದೂ ಇಲ್ಲ: ಕೋಣೆಯ ಎದುರಿನ ಯಾವುದಾದರೂ ದೊಡ್ಡ ಬಂಡೆಗೆ ಬಣ್ಣದಿಂದ ಗೆರೆ ಎಳೆದು ಬೆಳಿಗ್ಗೆ ಆರಕ್ಕೆ, ಸಂಜೆ ಏಳಕ್ಕೆ ನೀರಿನ ಮಟ್ಟ ಬರೆದಿಡಲಿ. ಬೆಳಗಿನ ಕನಿಷ್ಠ ಮಟ್ಟವೇ ದಿನದಿಂದ ದಿನಕ್ಕೆ ಏರುತ್ತಿದ್ದರೆ, ಅಂದರೆ ನದಿ ರಾತ್ರಿಯೂ ಇಳಿಯುವುದನ್ನು ಮರೆತಿದ್ದರೆ, ಮೇಲೆ ರಾತ್ರಿ ಹೆಪ್ಪುಗಟ್ಟುವುದು ನಿಂತಿದೆ ಎಂದರ್ಥ. ಅಂಥ ದಿನಗಳಲ್ಲಿ ಎತ್ತರದ ಪ್ರದೇಶಗಳಿಗೆ ಮಳೆಯ ಮುನ್ಸೂಚನೆ ಬಂದರೆ ಕೋಣೆ ಬಿಟ್ಟು ಮೇಲಿನ ಊರಿಗೆ ಹೋಗುವುದು ಒಳಿತು. ಇದಕ್ಕೆ ವಿರುದ್ಧವಾದ ಇನ್ನೊಂದು ಲಕ್ಷಣವನ್ನು ಅವನು ಎಂದೂ ಮರೆಯಬಾರದು: ತುಂಬಿ ಹರಿಯಬೇಕಾದ ಹೊತ್ತಿನಲ್ಲಿ ನದಿ ಕಾರಣವಿಲ್ಲದೆ ಥಟ್ಟನೆ ಬತ್ತಿದರೆ, ಮೇಲೆಲ್ಲೋ ಭೂಕುಸಿತವೋ ಹಿಮಕುಸಿತವೋ ನದಿಗೆ ಅಡ್ಡ ಬಿದ್ದು ನೀರು ಕಟ್ಟಿಕೊಳ್ಳುತ್ತಿದೆ. ಆಗ ನದಿಯ ಪಾತ್ರಕ್ಕಿಳಿದು ಫೋಟೋ ತೆಗೆಯುವವರ ಜೊತೆ ನಿಲ್ಲದೆ, ಸಾಮಾನು ಕಟ್ಟುತ್ತ ಕೂರದೆ, ಗುಡ್ಡ ಹತ್ತಬೇಕು.

ಮೇಲಿನ ಅಣೆಕಟ್ಟೆಗಳಿಂದ ನೀರು ಬಿಟ್ಟಾಗ ಬರುವ ಏರಿಕೆ ಇವೆಲ್ಲಕ್ಕಿಂತ ಬೇಗನೆ ಬರುತ್ತದೆ. 2014ರ ಜೂನ್ 8ರ ಸಂಜೆ ಬಿಯಾಸ್ ನದಿಯ ಬಂಡೆಗಳ ಮೇಲೆ ನಿಂತಿದ್ದ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದದ್ದು ಲಾರ್ಜಿ ಅಣೆಕಟ್ಟೆಯಿಂದ ಬಿಟ್ಟ ನೀರಿನಲ್ಲಿ. ಸೈರನ್ ಕೇಳಲಿ ಬಿಡಲಿ, ಅಣೆಕಟ್ಟೆಯ ಕೆಳಗಿನ ನದಿಪಾತ್ರದಲ್ಲಿ ಕಾಲಿಡಬಾರದು. ಮೇ, ಜೂನ್ ಕಳೆಯಿತೆಂದು ಜುಲೈನಲ್ಲಿ ನಿರಾಳವಾಗುವುದೂ ತಪ್ಪು. 2023ರ ಜುಲೈ 8ರಿಂದ 10ರವರೆಗೆ ಕುಲ್ಲು, ಮನಾಲಿಗಳಲ್ಲಿ ಹೆದ್ದಾರಿಯನ್ನೂ ದಡದ ಕಟ್ಟಡಗಳನ್ನೂ ಕಿತ್ತುಕೊಂಡು ಹೋದ ಪ್ರವಾಹವನ್ನು ತಂದದ್ದು ಮುಂಗಾರು ಮತ್ತು ಪಶ್ಚಿಮದ ಮಾರುತಗಳು ಕೂಡಿ ಸುರಿಸಿದ ಮಳೆ. ದಡದ ಕೋಣೆಗೆ ಬಾಡಿಗೆ ಕಡಿಮೆ ಇರಬಹುದು, ಜೂನ್ ಮುಗಿಯುವುದರೊಳಗೆ ಅದನ್ನು ಬದಲಿಸಲು ಅವನಿಗೆ ಹೇಳಿ.

ಇನ್ನು ತಮ್ಮ ತುಂಗಭದ್ರೆ. ತುಂಗಾ, ಭದ್ರಾ ಎರಡೂ ಹುಟ್ಟುವುದು ಪಶ್ಚಿಮಘಟ್ಟದ ಗಂಗಾಮೂಲದಲ್ಲಿ, ಕೃಷ್ಣೆ ಮಹಾಬಲೇಶ್ವರದಲ್ಲಿ. ಅಲ್ಲಿ ಹಿಮ ಬೀಳುವುದಿಲ್ಲ, ಕರಗುವುದಕ್ಕೂ ಏನಿಲ್ಲ. ರಾಯಚೂರು, ಬಳ್ಳಾರಿಗಳಲ್ಲಿ 43 ಡಿಗ್ರಿ ಸುಟ್ಟಷ್ಟೂ ಹೊಳೆ ಬತ್ತುತ್ತದೆ, ಜಲಾಶಯದ ನೀರು ಆವಿಯಾಗುತ್ತದೆ, ಅಷ್ಟೇ. ನಮ್ಮ ನೆರೆಯೆಲ್ಲ ಮಳೆಯದು ಮತ್ತು ಗೇಟುಗಳದು. ಅದು ಹೆಚ್ಚಾಗಿ ಜುಲೈ, ಆಗಸ್ಟ್‌ಗಳಲ್ಲಿ ಘಟ್ಟದ ಮಳೆಯಿಂದ ಬರುತ್ತದೆ, ಆದರೆ 2009ರಂತೆ ಸೆಪ್ಟೆಂಬರ್ ಕೊನೆಯಲ್ಲಿ ಬಯಲುಸೀಮೆಯಲ್ಲೇ ಸುರಿದು ಬಂದದ್ದೂ ಇದೆ, ಆ ಅಕ್ಟೋಬರ್ 2ರಂದು ಮಂತ್ರಾಲಯಕ್ಕೆ ನೀರು ನುಗ್ಗಿತ್ತು. ಕೃಷ್ಣೆಯ ಮೇಲೆ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗಿ ನಡುಗಡ್ಡೆಯ ಹಳ್ಳಿಗಳಿಗೆ ದಾರಿ ಕಡಿಯುವುದು ನಾರಾಯಣಪುರದಿಂದ ನೀರು ಬಿಟ್ಟಾಗ, ತಮ್ಮ ಹತ್ತಿರದ ಕಂಪ್ಲಿ ಸೇತುವೆ ಮುಳುಗುವುದು ಮುನಿರಾಬಾದಿನ ಗೇಟುಗಳು ಎದ್ದಾಗ.

ಆದರೂ ಕೊಲರಾಡೊದ ಕಥೆಗೂ ನಮಗೂ ನಂಟಿದೆ. ತುಂಬಿದ ಜಲಾಶಯಕ್ಕೆ ಮೇಲಿಂದ ಬರುವುದು ಹಿಮದ ನೀರೋ ಆಗುಂಬೆಯ ಮಳೆಯೋ ಎಂಬ ಭೇದ ಗೊತ್ತಿಲ್ಲ, ಬಂದಷ್ಟನ್ನೂ ಅದು ಕೆಳಗೆ ಬಿಡಲೇಬೇಕು. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟು ಕಳಚಿ ಹೋದಾಗ ಜಲಾಶಯ ತುಂಬಿಯೇ ಇತ್ತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದರು, ಆ ಜಾಗಕ್ಕೆ ಸ್ಟಾಪ್ ಲಾಗ್, ಅಂದರೆ ಗೇಟಿನ ಬದಲು ನಿಲ್ಲಿಸುವ ಉಕ್ಕಿನ ಅಡ್ಡಹಲಗೆಗಳನ್ನು ಇಳಿಸಿ ಮುಚ್ಚಲು ಒಂದು ವಾರ ಹಿಡಿಯಿತು. ಪಂಪ್‌ಸೆಟ್ಟಿನ ಮಟ್ಟಿಗೆ ತಾವು ದಿನಾ ನೋಡಬೇಕಾದ್ದು ಎರಡು ಅಂಕಿ: ಜಲಾಶಯದ ಮಟ್ಟ 1,633 ಅಡಿಗೆ ಎಷ್ಟು ಹತ್ತಿರವಿದೆ, ಒಳಹರಿವು ಎಷ್ಟು ಸಾವಿರ ಕ್ಯುಸೆಕ್. ಮಟ್ಟ 1,630 ದಾಟಿ ಒಳಹರಿವು ಏರುತ್ತಲೇ ಇದ್ದರೆ, ಗೇಟು ಎತ್ತುವ ಡಂಗುರಕ್ಕೆ ಕಾಯಬೇಡಿ. ಬಿಟ್ಟ ನೀರು ತಮ್ಮ ದಂಡೆಗೆ ಕೆಲವೇ ಗಂಟೆಗಳಲ್ಲಿ ಬರುತ್ತದೆ, ಮೋಟಾರು ಬಿಚ್ಚಿ, ಪೈಪು ಕಳಚಿ, ಸ್ಟಾರ್ಟರ್ ಡಬ್ಬಿಯನ್ನು ಮೇಲಕ್ಕೆ ಸಾಗಿಸಲು ಇಬ್ಬರು ಆಳುಗಳಿದ್ದರೂ ಅರ್ಧ ದಿನ ಬೇಕು.